ಅರ್ಧ ಇಂಚಿನ ಬಿಟ್

೨೦೦೩ರ ಮಾರ್ಚ್. ಚಾಮರಾಜಪೇಟೆಯ ತಮ್ಮ ಅಂಗಡಿಯಲ್ಲಿ ಬಡಗಿ ದೊರೆಸ್ವಾಮಿ ಬೀಟೆ ಹಲಗೆಯ ಅಂಚಿನ ಮೇಲೆ ಉಗುರು ಎಳೆದರು. ಕರಕರ ಎಂದಿತು. ಅಂಚು ಸವರುವ ರೂಟರ್ ಮೆಷಿನ್ ಓಡಿದ ಉದ್ದಕ್ಕೂ ಅಲೆಅಲೆಯಾದ ಗೆರೆ.

ಅದು ಬಸವನಗುಡಿಯ ಭಾಗೀರಥಮ್ಮನವರ ಮನೆಯ ತೂಗುಮಣೆ. ಹಳೆಯ ಜೋಡಣೆ ಬಿಟ್ಟು ಉದ್ದಕ್ಕೆ ಎರಡಾಗಿತ್ತು. ಆ ಎರಡು ಅಂಚುಗಳನ್ನು ನೇರಕ್ಕೆ ಸವರಿ ಮತ್ತೆ ಅಂಟಿಸಬೇಕು. ಸರಪಳಿ ಸಿಕ್ಕಿಸುವ ಹಿತ್ತಾಳೆ ಪಟ್ಟಿಗಳ ಒಳ ಅಳತೆ ಇಪ್ಪತ್ತೆರಡು ಇಂಚು. ಮಣೆ ಅದಕ್ಕಿಂತ ಆರೇ ಮಿಲಿಮೀಟರ್ ಹೆಚ್ಚಿತ್ತು. ಎರಡೂ ಅಂಚುಗಳನ್ನು ಒಮ್ಮೆ ಸವರಿದರೆ ಎರಡು ಮಿಲಿಮೀಟರ್ ಹೋಗುತ್ತದೆ. ಈಗಾಗಲೇ ಎರಡು ಸಲ ಸವರಿ ಆಗಿತ್ತು. ಉಳಿದದ್ದು ಒಂದೇ ಸಲ. ಅದಕ್ಕಿಂತ ಹೆಚ್ಚು ಹೋದರೆ ಮಣೆ ಪಟ್ಟಿಯಲ್ಲಿ ನಿಲ್ಲುವುದಿಲ್ಲ.

ರೂಟರಿನ ಮರ ಕೊರೆಯುವ ಬಿಟ್ ಹೊಸದು, ನಿನ್ನೆ ತಂದದ್ದು. ಹಲಗೆ ಹಿಡಿದ ಕ್ಲ್ಯಾಂಪ್ ಬಿಗಿಯಾಗಿತ್ತು. ದೊರೆಸ್ವಾಮಿ ತಮ್ಮ ಅರವತ್ತೊಂದು ವರ್ಷದ ಕೈಯನ್ನು ಮುಂದೆ ಚಾಚಿ ನೋಡಿಕೊಂಡರು.

"ಏನ್ ದೊರೆ, ಮರ ಕೊಯ್ತಿದ್ಯೋ, ಮೆಣಸಿನ್ಕಾಯಿ ರುಬ್ತಿದ್ಯೋ? ನನ್ ಲೇತ್ ಸದ್ದೇ ಕೇಳಿಸ್ತಿಲ್ಲ," ಎನ್ನುತ್ತ ಪಕ್ಕದ ಲೇತ್ ಅಂಗಡಿಯ ರೇವಣಸಿದ್ದಯ್ಯ ಒಳಗೆ ಬಂದರು.

"ಕೈ ನಡುಗ್ತಿದೆ ಕಣಯ್ಯ. ನನ್ ಕೆಲಸ ಮುಗೀತು ಅನ್ಸುತ್ತೆ."

"ಕೈ ಆಮೇಲೆ ನೋಡೋಣ. ಪ್ಲಗ್ ಕಿತ್ತು ಬಿಟ್ ಕೊಡಿಲ್ಲಿ."

ರೇವಣಸಿದ್ದಯ್ಯ ಜೇಬಿನಿಂದ ವರ್ನಿಯರ್ ಅಳತೆಗೋಲು ತೆಗೆದು ಬಿಟ್ಟಿನ ಕಡ್ಡಿಯನ್ನು ಅಳೆದರು. ಬಿಟ್ಟನ್ನು ಕಚ್ಚಿ ಹಿಡಿಯುವ ಕೊಲೆಟ್ಟಿನ ಮೇಲೆ ಕೊರೆದಿದ್ದ ಅಳತೆಯನ್ನೂ ಓದಿದರು.

"ಬಿಟ್ ಹನ್ನೆರಡು ಎಂ.ಎಂ. ಕೊಲೆಟ್ ಅರ್ಧ ಇಂಚು."

"ಎರಡೂ ಒಂದೇ ತಾನೇ? ಅಂಗಡಿಯವನೂ ಅರ್ಧ ಇಂಚು ಅಂತಾನೇ ಕೊಟ್ಟ."

"ಪ್ಲೈವುಡ್ ದಪ್ಪಕ್ಕಾದ್ರೆ ಒಂದೇ. ಇಲ್ಲಿ ಅರ್ಧ ಇಂಚು ಅಂದ್ರೆ ಹನ್ನೆರಡು ಪಾಯಿಂಟ್ ಏಳು. ಎಷ್ಟ್ ಬಿಗಿದ್ರೂ ಬಿಟ್ ಒಳಗೇ ಕುಣಿಯುತ್ತೆ. ಹಾರಿ ಬರ್ಲಿಲ್ವಲ್ಲ, ಪುಣ್ಯ ಮಾಡಿದ್ದೆ."

ದೊರೆಸ್ವಾಮಿ ಮೆಷಿನ್ನಿನ ಡಬ್ಬಿಯನ್ನು ಮಗುಚಿದರು. ತಳದಲ್ಲಿ, ಎಣ್ಣೆ ಕಾಗದ ಬಿಚ್ಚದೆಯೇ, ಹನ್ನೆರಡರ ಕೊಲೆಟ್ ಬಿದ್ದಿತ್ತು. ಅದನ್ನು ಹಾಕಿ, ಬಿಗಿದು, ಎರಡೂ ಅಂಚುಗಳ ಮೇಲೆ ಕೊನೆಯ ಸಲ ಓಡಿಸಿದರು. ಈ ಬಾರಿ ರೂಟರ್ ಒಂದೇ ಶ್ರುತಿಯಲ್ಲಿ ಗುಂಯ್‌ಗುಟ್ಟಿತು. ಅಂಚಿನ ಮೇಲೆ ಉಗುರು ಎಲ್ಲೂ ತಡೆಯದೆ ಜಾರಿತು.

ಇಬ್ಬರೂ ಎರಡು ಹೋಳುಗಳನ್ನು ಸೇರಿಸಿ ಬಾಗಿಲ ಬೆಳಕಿಗೆ ಹಿಡಿದರು. ನಡುವೆ ಒಂದು ಗೆರೆ ಬೆಳಕೂ ತೂರಲಿಲ್ಲ. ಹಿತ್ತಾಳೆ ಪಟ್ಟಿ ಅಳತೆಗೆ ಸರಿಯಾಗಿ ಕೂತಿತು.

ದೊರೆಸ್ವಾಮಿ ಮಣೆಯ ಪಕ್ಕದಲ್ಲೇ ಕೂತು ನಕ್ಕರು. "ನಾಳೆ ಡಾಕ್ಟರ ಹತ್ರ ಹೋಗ್ಬೇಕು ಅಂತಿದ್ದೆ ಕಣಯ್ಯ."

"ಡಾಕ್ಟರ್ ಬೇಡ, ಒಂದು ವರ್ನಿಯರ್ ತಗೊ," ಎಂದರು ರೇವಣಸಿದ್ದಯ್ಯ. "ಈಗ ಕಾಫಿ ತರ್ಸು."