ಸಣ್ಣವ್ವ ಹಾಲು ಬಿಟ್ಟದ್ದು

ದೇವರಿಗೆ ಏನಾದರೂ ಕೊಡಬೇಕೆಂದಾಗಲೆಲ್ಲ ಸಣ್ಣವ್ವ ತನ್ನ ತಟ್ಟೆಯಿಂದಲೇ ತೆಗೆದುಕೊಟ್ಟಳು. ಕಾಶಿಗೆ ಹೋದವರು ತಮಗೆ ಪ್ರೀತಿಯ ತಿನಿಸೊಂದನ್ನು ಅಲ್ಲೇ ಬಿಟ್ಟು ಬರುವುದು ರೂಢಿ. ಗಂಡ ಗುಡದಪ್ಪ ಜನ್ಮದಲ್ಲಿ ಬಾಯಿಗೆ ಹಾಕದ ಹಾಗಲಕಾಯಿಯನ್ನು ಭಾರೀ ಭಕ್ತಿಯಿಂದ ಬಿಟ್ಟು ಬಂದ. ಇವಳು ಮೊಸರು ಬಿಟ್ಟಳು, ಅದೂ ಮೊಸರಿಲ್ಲದೆ ಗಂಟಲಲ್ಲಿ ರೊಟ್ಟಿ ಇಳಿಯದ ಹೆಂಗಸು. ಅಲ್ಲಿಗೆ ನಿಲ್ಲಿಸಿದ್ದರೆ ಚಿಂತೆ ಇರಲಿಲ್ಲ. ಮಗ ಕಿರಣಕುಮಾರನಿಗೆ ನೌಕರಿ ಸಿಗಲೆಂದು ಶೇಂಗಾ ಬಿಟ್ಟಳು. ಸೊಸೆ ಸುಮಂಗಲಾಳ ಹೆರಿಗೆ ಸುಸೂತ್ರವಾಗಲೆಂದು ಕಾಳುಪಲ್ಯ ಬಿಟ್ಟಳು. ದೇವರೇನು ಇವಳ ಶೇಂಗಾಕ್ಕೆ ಬಾಯಿ ಬಿಟ್ಟುಕೊಂಡು ಕೂತಿದ್ದನೇ ಎಂದು ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ನೌಕರಿ ಸಿಕ್ಕಿತು, ಹೆರಿಗೆ ಸುಸೂತ್ರವಾಯಿತು. ಕೇಳಿದ್ದೆಲ್ಲ ಸಿಗುತ್ತಿದ್ದರೆ ಯಾರು ತಾನೇ ನಿಲ್ಲಿಸುತ್ತಾರೆ?

ಗುಡದಪ್ಪನಿಗೆ ಲಕ್ವಾ ಹೊಡೆದಾಗ ಆಸ್ಪತ್ರೆಯ ಬಾಗಿಲ ಹೊರಗೆ ನಿಂತು ಅವಳು ಹಾಲು ಬಿಟ್ಟಳು. ಇದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಕೇಳಿದರೆ ಹಾಲಿನಿಂದ ಪಿತ್ತವಾಗುತ್ತದೆ ಎನ್ನುತ್ತ ಕರಿ ಚಹಾ ಕುಡಿಯುತ್ತಿದ್ದಳು. ಗುಡದಪ್ಪ ಉಳಿದ. ಬಲಗೈ ಬಲಗಾಲು ಹೋದವು, ಮಾತು ತುಂಡುತುಂಡಾಯಿತು. ಅವನನ್ನು ಮಂಚದಿಂದ ಎಬ್ಬಿಸುವುದು, ಕುರ್ಚಿಗೆ ಕೂರಿಸುವುದು, ಮೈ ತೊಳೆಯುವುದು ಎಲ್ಲ ಸಣ್ಣವ್ವನ ಪಾಲಿಗೆ ಬಂತು. ಬೇರೆ ಯಾರಾದರೂ ಮುಟ್ಟಿದರೆ ಅವನು ಸಣ್ಣ ಹುಡುಗನ ಹಾಗೆ ಅಳುತ್ತಿದ್ದ.

ಎರಡು ವರ್ಷ ನಡೆಯಿತು. ಕಳೆದ ತಿಂಗಳು ನಿಂತುಹೋಯಿತು. ಬೆಳಿಗ್ಗೆ ಮಗ ನೌಕರಿಗೆ, ಟೀಚರ್ ಸೊಸೆ ಮೊಮ್ಮಗಳ ಜೊತೆ ಶಾಲೆಗೆ ಎಂದು ಮಿಶ್ರಿಕೋಟಿಯ ಸ್ಟ್ಯಾಂಡಿನಿಂದ ಬಸ್ ಹತ್ತಿ ಹೋದ ಮೇಲೆ, ಗಂಡನ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಮೊಣಕಾಲು ಕುಸಿದವು. ಅವನು ಅವಳ ಮೇಲೆ ಬಿದ್ದ. ಎಲುಬು ಮುರಿಯಲಿಲ್ಲ, ರಕ್ತ ಬರಲಿಲ್ಲ, ಆದರೆ ಇಬ್ಬರಿಗೂ ಏಳಲಾಗಲಿಲ್ಲ. ಕೂಗಿದರೆ ಬಾಜು ಮನೆಯ ಟಿವಿ ಇವಳಿಗಿಂತ ಜೋರಾಗಿ ಕೂಗುತ್ತಿತ್ತು. ಸುಮಂಗಲಾ ಶಾಲೆಯಿಂದ ಬರುವವರೆಗೆ ಇಬ್ಬರೂ ನೆಲದ ಮೇಲೇ ಇದ್ದರು. ಗುಡದಪ್ಪ ಧೋತರದಲ್ಲೇ ಒದ್ದೆ ಮಾಡಿಕೊಂಡು ಗೋಡೆ ಕಡೆ ಮುಖ ತಿರುಗಿಸಿದ್ದ. ಸಣ್ಣವ್ವನಿಗೆ ನೋವಿಗಿಂತ ಆ ಮುಖ ಹೆಚ್ಚು ಚುಚ್ಚಿತು.

ಸಂಜೆ ಕಿರಣಕುಮಾರ ಮೆಲ್ಲಗೆ ಮಾತು ತೆಗೆದ.

"ಹುಬ್ಬಳ್ಳ್ಯಾಗ ಇಂಥವ್ರನ್ನ ನೋಡ್ಕೊಳ್ಳೋ ಜಾಗ ಐತೆವ್ವಾ. ಅಪ್ಪನ್ನ ಅಲ್ಲಿ ಇಡೂಣು. ನಿನ್ನ ಕೈಲೆ ಆಗಂಗಿಲ್ಲ."

"ನಾ ಸತ್ತಿಲ್ಲಲೇ ಇನ್ನಾ," ಎಂದಳು ಸಣ್ಣವ್ವ.

"ಈ ತಿಂಗಳು ನೋಡ್ತೇನಿ. ನೀ ಎತ್ತಾಕ ಆದ್ರ ಸೈ. ಇಲ್ಲಂದ್ರ ಕಳಸೂದ."

ಗುಡದಪ್ಪನಿಗೆ ಕೈಕಾಲು ಆಡಿಸಲು ಕಲಘಟಗಿಯಿಂದ ವಾರಕ್ಕೊಮ್ಮೆ ಶಹನಾಜ ಬರುತ್ತಿದ್ದಳು. ವ್ಯಾಯಾಮ ಹೇಳಿಕೊಡುವ ಹುಡುಗಿ, ಮಾತು ಖಡಕ್. ಬಿದ್ದ ಸಂಗತಿ ಕೇಳಿ, ಗಂಡನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದಳು.

"ಅಮ್ಮಾ, ಕುರ್ಚಿ ಮ್ಯಾಲೆ ಕುಂದರ್ರಿ. ಕೈ ಊರಲಾರದ ಏಳ್ರಿ."

ಸಣ್ಣವ್ವ ಎದ್ದೆ ಅಂದುಕೊಂಡಳು, ಆದರೆ ಕೂತಲ್ಲೇ ಇದ್ದಳು. ಶಹನಾಜ ಅವಳ ತೊಡೆಯನ್ನು ಸೀರೆಯ ಮೇಲಿಂದಲೇ ಹಿಡಿದು ನೋಡಿದಳು.

"ಇಲ್ಲಿ ಏನೂ ಉಳದಿಲ್ಲಲ್ರಿ. ವಯಸ್ಸಾದಂಗ ಖಂಡ ಕರಗ್ತಾವು, ತಿನ್ನದಿದ್ರ ಇನ್ನೂ ಜಲ್ದಿ ಕರಗ್ತಾವು. ಮೊಸರು ತಿಂತೀರಿ?"

"ಕಾಶ್ಯಾಗ ಬಿಟ್ಟೇನ್ರಿ."

"ಶೇಂಗಾ? ಕಾಳು?"

"ಅವನ್ನೂ ಬಿಟ್ಟೇನ್ರಿ."

"ಹಾಲರೆ?"

ಸಣ್ಣವ್ವ ಮಂಚದ ಕಡೆ ನೋಡಿದಳು. ಅಲ್ಲೇ ನಿಂತಿದ್ದ ಸುಮಂಗಲಾ, "ಪಿತ್ತಂತ ಬಿಟ್ಟಾರ್ರಿ," ಎಂದಳು. ಸಣ್ಣವ್ವನಿಗೆ ಸುಳ್ಳು ಹೊರುವಷ್ಟೂ ಶಕ್ತಿ ಇರಲಿಲ್ಲ.

"ಪಿತ್ತ ಅಲ್ಲವ್ವಾ. ಇವ್ರ ಜೀವಕ್ಕ ಬಿಟ್ಟೇನಿ. ಅದನ್ನ ಕುಡದ್ರ ಇವ್ರು ಉಳೀತಾರೇನು?"

ಗುಡದಪ್ಪ ಕಣ್ಣು ಪಿಳುಕಿಸದೆ ಅವಳನ್ನೇ ನೋಡುತ್ತಿದ್ದ. ಶಹನಾಜ ನಗಲಿಲ್ಲ, ಬೈಯಲೂ ಇಲ್ಲ. ಕುರ್ಚಿಯಿಂದ ಏಳುವುದು ಕೂರುವುದು, ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತುವುದು ತೋರಿಸಿದಳು. ಹೊರಡುವಾಗ, "ಬರೇ ಇದನ್ನ ಮಾಡಿ ಉಪವಾಸ ಬಿದ್ರ ಇದ್ದದ್ದೂ ಹೋಗ್ತೈತ್ರಿ ಅಮ್ಮಾ," ಎಂದಳು.

ಸಣ್ಣವ್ವ ಮಾಡಿದ್ದು ಅದನ್ನೇ. ಹಠ ಹಿಡಿದರೆ ಅವಳನ್ನು ಮೀರಿಸುವವರಿಲ್ಲ. ಹೊತ್ತು ಸಿಕ್ಕಾಗಲೆಲ್ಲ ಕುರ್ಚಿ ಹಿಡಿದು ಎದ್ದಳು, ಕೂತಳು. ಊಟ ಮಾತ್ರ ಎಲ್ಲರದೂ ಮುಗಿದ ಮೇಲೆ ಅರ್ಧ ರೊಟ್ಟಿ, ಬೇಳೆ ತಳ ಸೇರಿದ ಪಾತ್ರೆಯ ತಿಳಿ ಸಾರು. ನಾಲ್ಕೇ ದಿನಕ್ಕೆ ಕಣ್ಣಿಗೆ ಕತ್ತಲೆ ಕಟ್ಟತೊಡಗಿತು. ಒಂದು ಬೆಳಿಗ್ಗೆ ಚೌಕಟ್ಟಿಗೆ ಹಣೆ ಒತ್ತಿ ನಿಂತುಬಿಟ್ಟಳು. ಅವಳಿಗೆ ಅಗದಿ ಭಯವಾಯಿತು. ತಿಂದರೆ ಇವನು ಹೋಗುತ್ತಾನೆ, ತಿನ್ನದಿದ್ದರೆ ಇವನನ್ನು ಒಯ್ಯುತ್ತಾರೆ. ಇದಕ್ಕೆ ಮೂರನೆಯ ದಾರಿ ಅವಳಿಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಗುಡದಪ್ಪ ಹಾಲು ಕುಡಿಯುವುದನ್ನು ನಿಲ್ಲಿಸಿದ. ಬಟ್ಟಲು ತುಟಿಗಿಟ್ಟರೆ ಬಾಯಿ ಬಿಗಿದ. ಮೊದಲ ದಿನ ಬಾಯಿ ಕೆಟ್ಟಿರಬಹುದೆಂದಳು. ಮರುದಿನ ಬೆಲ್ಲ ಹಾಕಿದಳು, ರಮಿಸಿದಳು, ಬೈದಳು. ಮೂರನೆಯ ದಿನ ಎಡಗೈಯಿಂದ ಬಟ್ಟಲನ್ನು ಅವಳ ಕಡೆ ತಳ್ಳಿದ. ಅರ್ಧ ಹಾಲು ಅವಳ ಸೀರೆಯ ಮೇಲೆ ಚೆಲ್ಲಿತು.

"ನೀ… ಕುಡಿ."

"ಹುಚ್ಚ ಹಿಡದೈತೇನ್ರಿ ನಿಮಗ? ಸಾಯ್ತೀರಿ!"

ಗುಡದಪ್ಪ ಮಾತು ಹುಡುಕಿದ. ಬಾಯಿಯ ಒಂದು ಮೂಲೆಯಿಂದ ಜೊಲ್ಲು ಇಳಿಯಿತು. ಅವಳು ಸೆರಗಿನಿಂದ ಒರೆಸಲು ಬಾಗಿದಾಗ ಅವಳ ಮಣಿಕಟ್ಟು ಹಿಡಿದುಕೊಂಡ. ಅದು ಎಷ್ಟು ಸೊರಗಿತ್ತೆಂದರೆ ಅವನ ಬೆರಳುಗಳು ಸುತ್ತಿಕೊಂಡೂ ಒಳಗೆ ಜಾಗ ಉಳಿಯಿತು.

"ಒಯ್ತಾರ… ನನ್ನ," ಎಂದ. "ಅಲ್ಲಿ… ನೀ ಇಲ್ಲ. ಅದು… ಸಾವಲ್ಲೇನು?"

ಇಷ್ಟು ಉದ್ದ ಮಾತನ್ನು ಅವನು ಎರಡು ವರ್ಷದಲ್ಲಿ ಆಡಿರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸಣ್ಣವ್ವ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುರ್ಚಿಯ ಮೇಲೆ ಕೂತಳು. ದೇವರ ಜಗಲಿ ಕಡೆ ನೋಡುವ ಧೈರ್ಯವಾಗದೆ ಗಂಡನ ಎದೆಯನ್ನೇ ನೋಡುತ್ತ ಒಂದು ಗುಟುಕು ಕುಡಿದಳು. ಎದೆ ಏರಿತು, ಇಳಿಯಿತು. ಇನ್ನೊಂದು ಗುಟುಕು ಕುಡಿದಳು. ಮತ್ತೆ ಏರಿತು. ಹೀಗೆ ಅವನ ಉಸಿರನ್ನು ಕಾಯುತ್ತ ಕಾಯುತ್ತ ಬಟ್ಟಲು ಬರಿದಾಯಿತು. ಹಾಲು ರುಚಿಯಾಗಿತ್ತು. ಅವನ ಜೀವ ಪಣಕ್ಕಿಟ್ಟು ಕುಡಿದ ಹಾಲು ಅಷ್ಟು ರುಚಿಯಾಗಿತ್ತಲ್ಲ ಎಂದು ಸಣ್ಣವ್ವ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.