ಕ್ವೇಸಾರಿನ ಓಣಿ

ಲೋಕಾಪುರದವರು ಬನಹಟ್ಟಿಗೆ ಕನ್ಯೆ ನೋಡಲು ಬರುವ ದಿನ ನಾನು ಕಲಿಸುವ ಶಾಲೆಗೆ ರಜೆ ಹಾಕಿ, ಮನೆಯ ಮಗ್ಗ ನಿಲ್ಲಿಸಿ, ಪಡಸಾಲೆಯ ನೂಲಿನ ಧೂಳು ಒರೆಸಿ, ಅವಲಕ್ಕಿ ಚೂಡಾ ಹುರಿದವಳು ನಾನು. ಮಗಳು ಪ್ರತಿಮಾಗೆ ಹೇಳಿದ್ದು ಒಂದೇ ಮಾತು: "ಕೇಳಿದ್ದಕ್ಕಷ್ಟ ಉತ್ತರ ಕೊಡು. ಆಕಾಶಕ್ಕ ಹೋಗಬ್ಯಾಡ."

ಪುಣೆಯಲ್ಲಿ ಖಗೋಳದ ಪಿಎಚ್.ಡಿ. ಎಂದು ಕೇಳಿಯೇ ಎರಡು ಸಂಬಂಧ ಮುರಿದಿದ್ದವು. ಇದೂ ಹೋದರೆ ಮತ್ತೆ ಕೇಳುವವರು ಯಾರು ಎಂಬ ಚಿಂತೆ ನನಗೆ. ಓದು ಅರ್ಧಕ್ಕೆ ನಿಲ್ಲಬಾರದೆಂಬ ಹಟ ಅವಳಿಗೆ.

ಹುಡುಗ ಬಾಳೇಶ ತಲೆ ತಗ್ಗಿಸಿ ಚೂಡಾದಲ್ಲಿನ ಶೇಂಗಾ ಆರಿಸುತ್ತಿದ್ದ. ಅವನ ತಾಯಿ ಲಕ್ಷ್ಮವ್ವ ಚಹಾ ಕೆಳಗಿಟ್ಟು ದನಿ ತಗ್ಗಿಸಿದರು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ನಿಮ್ಮ ಮಗಳ ಮ್ಯಾಲೆ ಕೇಸ್ ಅದಾವಂತಲ್ಲ?"

"ಯಾ ಕೇಸ್ರೀ?"

"ನಾವು ಓಣ್ಯಾಗ ವಿಚಾರಿಸಿದ್ವಿ. ಬಾಜೂಮನಿ ಮುದಕವ್ವ ಅಂದ್ಲು, ಒಂದಲ್ಲ ಎರಡಲ್ಲ, ನೂರಾರು ಕೇಸ್ ಅಂತ. ಹಗಲೂ ರಾತ್ರಿ ಅವುಗಳ ಹಿಂದ ಇರ್ತಾಳಂತ."

ಹಣೆ ಚಚ್ಚಿಕೊಳ್ಳುವಂತಾಯಿತು. ಮಗಳು ದೀಪಾವಳಿಗೆ ಬಂದಾಗಲೇ, ಕಟ್ಟೆಯ ಮೇಲೆ ಕೂತು ಆ ಮುದುಕಿಗೆ ಆಕಾಶದ ಪಾಠ ಮಾಡಬೇಡ ಎಂದು ಬಡಿದುಕೊಂಡಿದ್ದೆ.

"ಕೇಸ್ ಅಲ್ಲರಿ, ಕ್ವೇಸಾರ್," ಎಂದಳು ಪ್ರತಿಮಾ. ಮುಗಿಯಿತು, ಹೋದಳು ಆಕಾಶಕ್ಕೆ. "ಗ್ಯಾಲಕ್ಸಿ ಅಂದ್ರ ಕೋಟಿಗಟ್ಟಲೆ ಚಿಕ್ಕಿ-ನಕ್ಷತ್ರ ಒಂದ ಮನ್ಯಾಗ ಇದ್ದಂಗರಿ. ನಟ್ಟನಡುವ ದೊಡ್ಡ ಬ್ಲ್ಯಾಕ್ ಹೋಲ್. ಅದರಾಗ ಗ್ಯಾಸ್ ಬೀಳಾಕ ಹತ್ತಿತಂದ್ರ ಇಡೀ ಮನಿಗಿಂತ ಜಾಸ್ತಿ ಬೆಳಕು ಬರತೈತಿ. ಅದ ಕ್ವೇಸಾರ್. ಬಾಜೂದ ಗ್ಯಾಲಕ್ಸಿ ಬಂದು ಕೆದಕಿದ್ದಕ್ಕ ಹಂಗ ಉರೀತೈತೇನು ಅಂತ ಅದರ ಸುತ್ತಲಿನ ಗ್ಯಾಲಕ್ಸಿ ಎಣಸ್ತೀನಿ. ಅದೂ ನಮಗ ಹತ್ತರ ಇರೂ ಕ್ವೇಸಾರ್ ಅಷ್ಟ, ದೂರದವು ಅಲ್ಲ."

"ಅಂದ್ರ ನೀನೂ ಓಣಿ ವಿಚಾರಸಾಕಿ!" ಎಂದರು ಲಕ್ಷ್ಮವ್ವ.

"ಹೂಂರಿ!"

"ಮತ್ತ ಏನ್ ಗೊತ್ತಾತು?"

"ಇಲ್ಲೀತನಾ ನೋಡಿದ್ರಾಗ ಕ್ವೇಸಾರಿನ ಓಣೀನೂ ಎಲ್ಲಾರ ಓಣಿ ಇದ್ದಂಗ ಐತ್ರಿ. ಗದ್ದಲದ ಓಣಿ ಏನಲ್ಲ. ಬಾಜೂದವರನ್ನ ಕೇಳಿದ್ರ ಒಳಗಿನ ಹಕೀಕತ್ತು ತಿಳಿಯೂದಿಲ್ಲ."

ಬಾಳೇಶ ಫಕ್ಕನೆ ನಕ್ಕ. ಲಕ್ಷ್ಮವ್ವ ಅವನತ್ತ ಕಣ್ಣು ಬಿಟ್ಟರು, ನಾನು ಮಗಳತ್ತ.

"ಹುಡುಗಿ ಶ್ಯಾಣ್ಯಾ ಅದಾಳ. ನಮಗ ಒಪ್ಪಿಗಿ," ಎಂದರು ಲಕ್ಷ್ಮವ್ವ ಕೊನೆಗೆ. "ಆದರ ಈ ಎಣಿಸೂದು ಸಾಕು. ಯುಗಾದಿ ಒಳಗ ಲಗ್ನ, ಪುಣೆ ಬಂದ್."

ಇಷ್ಟು ಹೊತ್ತು ಬಾಯಿ ಮುಚ್ಚೆಂದರೂ ಮುಚ್ಚದವಳು ಈಗ ನನ್ನತ್ತ ತಿರುಗಿದಳು. ಹೂಂ ಎನ್ನಬೇಕಾದವಳು ನಾನು. ಆ ಒಂದು ಮಾತಿಗಾಗಿಯೇ ಬೆಳಗಿನಿಂದ ಒದ್ದಾಡಿದ್ದು. ಬಾಯಿಂದ ಬಂದದ್ದೇ ಬೇರೆ.

"ಇನ್ನೂ ಅರ್ಧ ಎಣಿಸೂದು ಉಳದೈತ್ರಿ. ಅದು ಮುಗೀಲಿ. ತಡಿಯೂದಾದ್ರ ತಡೀರಿ, ಇಲ್ಲಂದ್ರ ಬ್ಯಾರೆ ಕಡೆ ನೋಡ್ರಿ."

ಅವರು ಎದ್ದರು. ಗಾಡಿ ಓಣಿ ದಾಟುವವರೆಗೂ ನಾನು ಹೊಸ್ತಿಲಲ್ಲೇ ನಿಂತಿದ್ದೆ. ಮಗಳು ಹತ್ತಿರ ಬಂದಳು, ಅಪ್ಪಿಕೊಳ್ಳುತ್ತಾಳೇನೋ ಎಂದುಕೊಂಡೆ.

"ಅರ್ಧ ಅಲ್ಲ ಬೇ ಅವ್ವಾ," ಎಂದಳು. "ಮೂರರಾಗ ಎರಡ ಪಾಲು ಉಳದೈತಿ."