ಫ್ಲಾಪಿಯೊಳಗಿನ ಉದ್ಧರಣೆ

ಹಮೀದನ ಇಂಟರ್ನೆಟ್ ಅಂಗಡಿಯಲ್ಲಿ ನಾನು ಯಾವಾಗಲೂ ಮೂಲೆಯ ಕಂಪ್ಯೂಟರನ್ನೇ ಹಿಡಿಯುತ್ತಿದ್ದೆ. ಬೆನ್ನ ಹಿಂದೆ ಗೋಡೆ ಇರಬೇಕು, ಪಕ್ಕದಲ್ಲಿ ಯಾರೂ ಇರಬಾರದು. ಅದೂ ಸಾಲದೆಂದು ಪರದೆಯ ಪಕ್ಕಕ್ಕೆ ಪೇಪರು ಮಡಚಿ ಅಡ್ಡ ಇಡುತ್ತಿದ್ದೆ. ಇದು 2003ರ ಮಾತು. ಕಮಲಾಪುರದ ಹೈಸ್ಕೂಲಿನಲ್ಲಿ ನಾನು ಗುಮಾಸ್ತ. ರವಿವಾರ ಬಂತೆಂದರೆ ಬಸ್ಸು ಹಿಡಿದು ಕಲಬುರಗಿಗೆ ಬರುವುದು, ನೆಹರು ಗಂಜಿನ ಹಿಂದಿನ ಆ ಅಂಗಡಿಯಲ್ಲಿ ಕೂತು ಪುಸ್ತಕ ನೋಡಿ ನೋಡಿ ನನ್ನದೇ ಒಂದು ವೆಬ್‌ಸೈಟು ಕಟ್ಟುವುದು. ಐವತ್ತೊಂದನೆಯ ವಯಸ್ಸಿನಲ್ಲಿ!

ಶೋಕಿಗೆ ಕಟ್ಟಿದ್ದಲ್ಲ. ನನ್ನ ತಮ್ಮ ಬಂಡು ಹದಿನಾಲ್ಕು ವರ್ಷದ ಹಿಂದೆ ಮನೆ ಬಿಟ್ಟಿದ್ದ. ಬಿಡಿಸಿದವನು ನಾನೇ. ಅಪ್ಪನ ಮೊದಲ ವರ್ಷದ ಶ್ರಾದ್ಧದ ದಿನ ಅವರ ಬೆಳ್ಳಿಯ ಉದ್ಧರಣೆ, ಅಂದರೆ ಸಂಧ್ಯಾವಂದನೆಗೆ ನೀರೆತ್ತುವ ಪುಟ್ಟ ಚಮಚ, ಕಾಣೆಯಾಯಿತು. ಬಳಗದವರೆಲ್ಲ ಪಡಸಾಲೆಯಲ್ಲಿ ಕೂತಿದ್ದಾಗ ನಾನು ಬಂಡುವಿನ ಟ್ರಂಕು ತಂದು ಅವರ ಮುಂದೆಯೇ ಬೋರಲು ಹಾಕಿದೆ. ಅಂಗಿ, ಬನಿಯನ್ನು, ಒಂದು ಬಾಚಣಿಗೆ ಬಿದ್ದವು. ಉದ್ಧರಣೆ ಬೀಳಲಿಲ್ಲ. "ಹಂಗಾದ್ರ ಮಾರ್ಯಾನ" ಅಂದೆ. ಅವನು ಅಂಗಿಗಳನ್ನು ಮಡಚಿ ಟ್ರಂಕಿಗಿಟ್ಟುಕೊಂಡು ಹೊರಟುಹೋದ.

2002ರಲ್ಲಿ ಹಿತ್ತಿಲಿನ ಕೆಂಪು ಬಾಳೆಯ ಹಳೇ ಬುಡ ಅಗೆಸಿದಾಗ ಮಣ್ಣಿನೊಳಗಿಂದ ಉದ್ಧರಣೆ ಎದ್ದು ಬಂತು. ದೇವರ ಮೇಲಿಂದ ತೆಗೆದ ಹೂವು, ತುಳಸಿಯನ್ನು ನಾವು ಕಸಕ್ಕೆ ಹಾಕುವುದಿಲ್ಲ. ನಮ್ಮ ಮನೆಯ ನಿರ್ಮಾಲ್ಯ ಬೀಳುವುದು ಆ ಬಾಳೆಯ ಬುಡಕ್ಕೆ. ದಿನಾ ಬೆಳಿಗ್ಗೆ ಅದನ್ನು ತಟ್ಟೆಗೆ ಬಳಿದು ಚೆಲ್ಲುತ್ತಿದ್ದವನು ಮನೆಯ ಹಿರಿಯ ಮಗ. ಅಂದರೆ ನಾನು. ಹಾರೆ ಹಿಡಿದ ಆಳಿನ ಮುಂದೆಯೇ ನನಗೆ ಅಳು ಬಂತು.

ಬಂಡುವಿನ ವಿಳಾಸ ಸೊಲ್ಲಾಪುರದ ಸಕ್ಕೂಬಾಯಿ ಅತ್ತೆಗೆ ಗೊತ್ತಿತ್ತು. ಆದರೆ ಅವಳು ಬಾಯಿ ಬಿಡಲಿಲ್ಲ. "ನಿನಗ ಕೊಡಬ್ಯಾಡ ಅಂತ ಆಣಿ ಹಾಕ್ಯಾನಪ್ಪಾ. ಕಂಪನಿಯೊಳಗ ದಿನಾ ಕಂಪ್ಯೂಟರ್ ಮುಂದೇ ಕೂಡ್ತಾನ. ಅದರಾಗ ಏನರ ಬರಿ, ಎಲ್ಲದ ಅಂತ ನಾ ಅವಗ ತಿಳಿಸ್ತೀನಿ" ಅಂದಳು. ಹೀಗೆ ಹುಟ್ಟಿತು ನನ್ನ ವೆಬ್‌ಸೈಟು.

ಉದ್ಧರಣೆಯ ಫೋಟೋವನ್ನು ಹಮೀದನೇ ಸ್ಕ್ಯಾನ್ ಮಾಡಿದ. ಹಿಡಿಯ ಮೇಲೆ ಶಂಖ, ಅದರ ಕೆಳಗೆ ಬಂಡು ಕೂಸಿದ್ದಾಗ ಕಚ್ಚಿದ ಗುರುತು, ಎಲ್ಲ ಚೆನ್ನಾಗಿ ಬಂದಿತ್ತು. ಅದನ್ನು ನನ್ನ ಫ್ಲಾಪಿಗೆ ಹಾಕಿಸಿ, ಅವನ ಕಂಪ್ಯೂಟರಿನಿಂದ ಅಳಿಸಿದ್ದನ್ನು ಎರಡು ಸಲ ಕಣ್ಣಾರೆ ನೋಡಿದೆ. ಬೆಳ್ಳಿಯ ವಿಷಯ, ಯಾರನ್ನು ನಂಬುವುದು? ಫ್ಲಾಪಿ ಹೊರಗೆ ತೆಗೆದರೆ ನೇರ ನನ್ನ ಕಿಸೆಗೆ.

"ಬಂಡು, ಉದ್ಧರಣೆ ಸಿಕ್ಕಿದೆ. ಫೋಟೋ ಕೆಳಗಿದೆ. ಮನೆಗೆ ಬಾ" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು, ನನ್ನ ಇಮೇಲನ್ನೂ ಹಾಕಿದೆ. ಎಲ್ಲಿ ಸಿಕ್ಕಿತೆಂದು ಬರೆಯಲಿಲ್ಲ. ನಾಚಿಕೆಯಾಗುತ್ತಿತ್ತು. ಪೇಜು ಫೋಟೋವನ್ನು ಎಲ್ಲಿಂದ ತೆಗೆದುಕೊಳ್ಳಬೇಕು ಎಂಬಲ್ಲಿ ಕಂಪ್ಯೂಟರಿಗೆ ಹಾಕಿದ್ದ ನನ್ನ ಫ್ಲಾಪಿಯನ್ನೇ ತೋರಿಸಿದೆ, ಪರದೆಯ ಮೇಲೆ ಉದ್ಧರಣೆ ಥಳಥಳ ಹೊಳೆಯಿತು.

ಹಮೀದ ಕುರ್ಚಿಯಿಂದಲೇ ಕೂಗಿದ: "ಸಾಬ್, ಪೇಜಿನ ಜೋಡಿ ಫೋಟೋನೂ ಇಂಟರ್ನೆಟ್ಟಿಗೆ ಏರಿಸ್ಬೇಕಾಗ್ತದ್ರೀ. ನಾ ಒಮ್ಮಿ ನೋಡ್ಲೇನ್ರೀ?"

"ಏನೂ ಬ್ಯಾಡ. ನನಗ ಕಾಣಾಕತ್ತದ" ಅಂದೆ. ಇವನಿಗೇಕೆ ನನ್ನ ಫೋಟೋದ ಮೇಲೆ ಇಷ್ಟು ಕಣ್ಣು?

ಪೇಜನ್ನಷ್ಟೇ ಇಂಟರ್ನೆಟ್ಟಿಗೆ ಏರಿಸಿ, ಸಕ್ಕೂಬಾಯಿಗೆ ವೆಬ್‌ಸೈಟಿನ ಹೆಸರು ಬರೆದು ಕಾರ್ಡು ಹಾಕಿದೆ. ಮೂರನೆಯ ರವಿವಾರ ನನ್ನ ಇಮೇಲಿಗೆ ಒಂದು ಸಾಲು ಬಂದಿತ್ತು. "ಫೋಟೋ ಕಾಣವಲ್ದು. ಇದ್ರ ಕಳಸ್ರಿ." ಹೆಸರಿಲ್ಲ, ಊರಿಲ್ಲ. ನನ್ನ ಮೈಯೆಲ್ಲ ಉರಿಯಿತು. ತಲೆ ಎತ್ತಿ ನೋಡಿದರೆ ಹಮೀದ ಏನೋ ಟೈಪು ಮಾಡುತ್ತ ಕೂತಿದ್ದ. ಇವನದೇ ಕೆಲಸ ಎಂದು ಖಾತ್ರಿಯಾಯಿತು. "ನೀ ಯಾರು? ಫೋಟೋ ನಿನಗ್ಯಾಕ ಬೇಕು? ಬೆಳ್ಳಿ ಮ್ಯಾಲ ಕಣ್ಣದ ಏನು?" ಎಂದು ಕುಟ್ಟಿ ಕಳಿಸಿದೆ.

ಎರಡು ವಾರ ಬಿಟ್ಟು ಉತ್ತರ ಬಂತು.

"ಅಣ್ಣಾ, ಅವತ್ತ ನನ್ನ ಟ್ರಂಕಿನ್ಯಾಗ ಏನೂ ಕಾಣಲಿಲ್ಲ, ಆದ್ರೂ ನೀ ಮಾರ್ಯಾನ ಅಂದಿ. ಇವತ್ತ ನಿನ್ನ ಫೋಟೋದ ಚೌಕ ಖಾಲಿ ಅದ. ಈಗ ನಾ ಏನನ್ನಲಿ?"

ಪರದೆಗೆ ಅಡ್ಡ ಇಟ್ಟ ಪೇಪರನ್ನು ನಾನೇ ತೆಗೆದು, "ಹಮೀದ್, ಸ್ವಲ್ಪ ಬರ್ರಿ ಇಲ್ಲಿ" ಅಂದೆ.

ಅವನು ಬಂದು ಫ್ಲಾಪಿಯನ್ನು ಹೊರಗೆ ತೆಗೆದ. ಪೇಜನ್ನು ಹೊಸದಾಗಿ ತೆರೆದ. ಉದ್ಧರಣೆ ಇದ್ದಲ್ಲಿ ಬರೀ ಚೌಕ, ಅದರ ಮೂಲೆಗೊಂದು ಕೆಂಪು ಗುರುತು.

"ಸಾಬ್, ಪೇಜು ದುನಿಯಾಕ್ಕೆಲ್ಲ ಹೋಗ್ಯದ. ಫೋಟೋ ಮಾತ್ರ ನಿಮ್ಮ ಕಿಸೇದಾಗೇ ಉಳದದ" ಎಂದ. ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತು.

"ಏರಿಸ್ರಿ" ಎಂದು ಫ್ಲಾಪಿಯನ್ನು ಅವನ ಕೈಯಲ್ಲೇ ಬಿಟ್ಟೆ. ಹತ್ತು ನಿಮಿಷದ ಕೆಲಸ. ನಾನು ಅದಕ್ಕೆ ಒಂದೂವರೆ ತಿಂಗಳು ಕಾವಲು ಕಾದಿದ್ದೆ.

ಮುಂದಿನ ರವಿವಾರ ಬಸ್ಸಿಳಿದವನು ಚಹಾ ಸಹ ಕುಡಿಯದೆ ಓಡಿದೆ. ಮೂಲೆ ಖಾಲಿಯಿತ್ತು, ಆದರೂ ಬಾಗಿಲ ಹತ್ತಿರದ ಕಂಪ್ಯೂಟರಿಗೇ ಕೂತೆ. ಬಂಡುವಿನ ಉತ್ತರ ಬಂದಿತ್ತು.

"ಕಾಣ್ತು. ನನ್ನ ಹಲ್ಲಿನ ಗುರುತು ಹಂಗೇ ಅದ. ಎಲ್ಲಿ ಸಿಕ್ತಣ್ಣಾ?"

ಹಮೀದ ಹಿಂದೆಯೇ ನಿಂತಿದ್ದ. ಓದಲಿ ಎಂದು ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದೆ. ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡಿದೆ: "ಬಾಳಿ ಬುಡಕ್ಕ. ನಿರ್ಮಾಲ್ಯದ ಜೋಡಿ ನಾನೇ ಚೆಲ್ಲಿದ್ದೆ, ಬಂಡು."